ಹಿಂಡಿ ಚೀಲ ಇಲ್ಲ, ಯೂರಿಯಾ ಚೀಲ ಇದೆ: ಲಿಂಕನ್ ಡೇರಿಯ ಹುಲ್ಲಿನ ಲೆಕ್ಕ

ಮಂಗಳವಾರ ಬಂತೆಂದರೆ ಆ ಫಾರ್ಮ್‌ನಲ್ಲಿ ಒಬ್ಬರು ಕೋಲು ಹಿಡಿದು ಹುಲ್ಲುಗಾವಲು ಸುತ್ತಲು ಹೊರಡುತ್ತಿದ್ದರು. ಕೋಲಿನ ಬುಡದಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಲೋಹದ ತಟ್ಟೆ. ಕೆಲವು ಹೆಜ್ಜೆಗೊಮ್ಮೆ ಕೋಲನ್ನು ಹುಲ್ಲಿನೊಳಗೆ ಊರುವುದು. ಹುಲ್ಲು ಎತ್ತರವಾಗಿ ದಟ್ಟವಾಗಿದ್ದರೆ ತಟ್ಟೆ ಮೇಲೆಯೇ ನಿಲ್ಲುತ್ತದೆ, ತೆಳುವಾಗಿದ್ದರೆ ಕೆಳಗಿಳಿಯುತ್ತದೆ. ಕೋಲಿಗೆ ಅಂಟಿಸಿದ ಮೀಟರ್ ಅದನ್ನು ಎಣಿಸುತ್ತದೆ. ಒಂದು ಎಣಿಕೆಗೆ ಒಂದು 'ಕ್ಲಿಕ್' ಎಂದು ಹೆಸರು, ಅಂದರೆ ಅರ್ಧ ಸೆಂಟಿಮೀಟರ್. ಎಲ್ಲ ತಾಕು ಸುತ್ತಿ ಬಂದು ಲೆಕ್ಕ ಹಾಕಿದರೆ ಇವತ್ತು ಫಾರ್ಮ್‌ನಲ್ಲಿ ಎಷ್ಟು ಕೆಜಿ ಮೇವು ನಿಂತಿದೆ, ಕಳೆದ ವಾರದಿಂದ ಎಷ್ಟು ಬೆಳೆದಿದೆ, ನಾಳೆ ಹಸುಗಳನ್ನು ಯಾವ ತಾಕಿಗೆ ಬಿಡಬೇಕು ಎಲ್ಲವೂ ಗೊತ್ತಾಗುತ್ತದೆ.

ಇದು ನ್ಯೂಜಿಲೆಂಡ್‌ನ ಲಿಂಕನ್ ವಿಶ್ವವಿದ್ಯಾಲಯದ ಡೇರಿ ಫಾರ್ಮ್. ದಕ್ಷಿಣ ದ್ವೀಪದಲ್ಲಿ, ಕ್ರೈಸ್ಟ್‌ಚರ್ಚ್ ನಗರದ ಪಕ್ಕ, ಕ್ಯಾಂಟರ್ಬರಿ ಬಯಲಿನಲ್ಲಿದೆ. ಹಾಲು ಕರೆಯುವ ಹಸುಗಳಿಗೆ ಹಿಂಡಿ, ಬೂಸಾ, ಜೋಳದ ನುಚ್ಚು ಹಾಕಿ ನಡೆಸುವ ಡೇರಿ ಅಲ್ಲ. ಮೇಯುವ ಹುಲ್ಲು, ಹುಲ್ಲು ಸಾಲದಾಗ ಹುಲ್ಲಿನದೇ ರಸಮೇವು (ಕೊಯ್ದು ಗಾಳಿಯಾಡದಂತೆ ಮುಚ್ಚಿಟ್ಟ ಸೈಲೇಜ್), ಚಳಿಗಾಲದಲ್ಲಿ ಹೊಲದಲ್ಲಿ ಬೆಳೆದ ಸೊಪ್ಪು ಗೆಡ್ಡೆ. ಇಷ್ಟರ ಮೇಲೆ ಐದಾರು ನೂರು ಹಸುಗಳ ಹಾಲು. ಸಂಶೋಧನೆಗೆಂದು ಸಣ್ಣ ಮಡಿ ಮಾಡಿ ನಡೆಸಿದ್ದೂ ಅಲ್ಲ. ಸುತ್ತಲಿನ ರೈತರಿಗೆ ತೋರಿಸಲೆಂದೇ ಲಾಭ ನಷ್ಟದ ಲೆಕ್ಕವಿಟ್ಟು ನಡೆಸಿದ ಡೇರಿ. ಮಂಗಳವಾರದ ಅಳತೆಯೂ ವಾರವಾರ ರೈತರ ಕೈಗೆ ಸಿಗುತ್ತಿತ್ತು. ಅದಕ್ಕೇ ಇದರ ಕಥೆ ಇಷ್ಟು ವಿವರವಾಗಿ ಸಿಗುತ್ತದೆ.

ನಾನು ಈ ಪ್ರಕರಣ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. 'ಹುಲ್ಲು ಮೇಯ್ದ ಹಸುವಿನ ಹಾಲು' ಅಂದ ಕೂಡಲೇ ನಮಗೆಲ್ಲ ಒಂದು ಚಿತ್ರ ಬರುತ್ತದೆ. ಹಸು ತನ್ನ ಪಾಡಿಗೆ ಗುಡ್ಡದಲ್ಲಿ ಮೇಯುತ್ತದೆ, ಸಂಜೆ ಬಂದು ಹಾಲು ಕೊಡುತ್ತದೆ, ಯಾರಿಗೂ ತೊಂದರೆ ಇಲ್ಲ. ಲಿಂಕನ್‌ನ ಲೆಕ್ಕಪುಸ್ತಕ ಆ ಚಿತ್ರವನ್ನು ಸ್ವಲ್ಪ ಕಲಕುತ್ತದೆ.

ಕುರಿ ಹೋಗಿ ಹಸು ಬಂತು

2001ರವರೆಗೆ ಈ ಜಾಗ ವಿಶ್ವವಿದ್ಯಾಲಯದ ಕುರಿ ಫಾರ್ಮ್ ಆಗಿತ್ತು. ಕ್ಯಾಂಟರ್ಬರಿಯಲ್ಲಿ ಆಗ ಎಲ್ಲ ಕಡೆ ಇದೇ ನಡೆದಿತ್ತು. ಕುರಿ, ಗೋಧಿ ಇದ್ದ ಜಮೀನಿಗೆ ನೀರಾವರಿ ಬಂತು, ಹಿಂದೆಯೇ ಡೇರಿ ಬಂತು. ಒಟ್ಟು 186 ಹೆಕ್ಟೇರ್. ಅದರಲ್ಲಿ ಕರೆಯುವ ಹಸುಗಳು ಮೇಯುವುದು 160 ಹೆಕ್ಟೇರ್‌ನಲ್ಲಿ, ಅಂದರೆ ಹತ್ತಿರ ಹತ್ತಿರ 400 ಎಕರೆ. ಅದನ್ನು ಸುಮಾರು ಎಂಟೆಂಟು ಹೆಕ್ಟೇರ್‌ನ ಇಪ್ಪತ್ತಕ್ಕೂ ಹೆಚ್ಚು ತಾಕುಗಳಾಗಿ ಬೇಲಿ ಹಾಕಿ ಹಂಚಿದ್ದಾರೆ. ಮಧ್ಯದಲ್ಲಿ ಐವತ್ತು ಹಸು ಒಟ್ಟಿಗೆ ನಿಲ್ಲುವ, ನಿಧಾನಕ್ಕೆ ತಿರುಗುವ ವೃತ್ತಾಕಾರದ ಕರೆಯುವ ಕಟ್ಟೆ. ಕೆಲಸಕ್ಕೆ ನಾಲ್ಕು ಜನಕ್ಕಿಂತ ಕಡಿಮೆ. ಹೌದು, 600 ಹಸುವಿಗೆ ನಾಲ್ಕು ಜನ! ಹುಲ್ಲು ಕೊಯ್ದು ಹೊರುವ ಕೆಲಸ ಇಲ್ಲ, ಸಗಣಿ ಬಾಚುವ ಕೆಲಸ ಬಹುಪಾಲು ಇಲ್ಲ. ಹಸುವೇ ಹುಲ್ಲಿನ ಹತ್ತಿರ ಹೋಗುತ್ತದೆ, ಅಲ್ಲೇ ಗೊಬ್ಬರ ಹಾಕುತ್ತದೆ.

ವರ್ಷದ ಸರಾಸರಿ ಮಳೆ 666 ಮಿಲಿಮೀಟರ್. ನಮ್ಮ ತುಮಕೂರು, ದಾವಣಗೆರೆ ಸೀಮೆಯ ಮಳೆಯ ಆಸುಪಾಸು. ಆದರೆ ಬಿಸಿಲು ಗಾಳಿಗೆ ವರ್ಷಕ್ಕೆ ಆರಿ ಹೋಗುವ ನೀರು ಸುಮಾರು 870 ಮಿಲಿಮೀಟರ್. ಕೊರತೆ ತುಂಬಲು ದೊಡ್ಡ ಚಕ್ರದ ಪಿವೋಟ್‌ಗಳು, ಸ್ಪ್ರಿಂಕ್ಲರ್‌ಗಳು ಸೇರಿ ಸರಾಸರಿ 450 ಮಿಲಿಮೀಟರ್ ನೀರು ಹಾಯಿಸುತ್ತವೆ. ಮಣ್ಣು ಒಂದೇ ತೆರನಲ್ಲ. ಒಂದು ಕಡೆ ಕಲ್ಲು ತುಂಬಿದ, ನೀರು ಹಾಕಿದ ಹಾಗೇ ಸೋರಿ ಹೋಗುವ ಮಣ್ಣು, ಇನ್ನೊಂದು ಕಡೆ ಜೌಗು ಹಿಡಿಯುವ ಭಾರದ ಮಣ್ಣು. ಈ ಕಲ್ಲುಮಣ್ಣು ಮುಂದೆ ಕಥೆಯಲ್ಲಿ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಹುಲ್ಲಿನ ಪಂಚಾಂಗ

ಹುಲ್ಲಿನಿಂದ ಹಾಲು ತೆಗೆಯುವವರ ಮೊದಲ ಗುಟ್ಟು ಹಸುವಿನಲ್ಲಿಲ್ಲ, ತಿಂಗಳಿನಲ್ಲಿದೆ. ಅಲ್ಲಿ ಋತು ನಮಗೆ ತಿರುಗುಮುರುಗು. ಜೂನ್, ಜುಲೈ ಕೊರೆಯುವ ಚಳಿ, ಹುಲ್ಲು ಬೆಳೆಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಸೆಪ್ಟೆಂಬರ್‌ನಿಂದ ವಸಂತ, ಹುಲ್ಲು ನುಗ್ಗಿ ಬರುತ್ತದೆ. ಹಾಗಾಗಿ ಇಡೀ ಮಂದೆ ಒಟ್ಟಿಗೇ ಕರು ಹಾಕಬೇಕು. ಜುಲೈ ಕೊನೆಯಿಂದ ಶುರುವಾಗಿ ಹತ್ತು ವಾರದೊಳಗೆ ಬಹುತೇಕ ಎಲ್ಲವೂ. ಹಸು ಅತಿ ಹೆಚ್ಚು ಹಾಲು ಕೊಡುವ ಹೊತ್ತಿಗೂ ಹುಲ್ಲು ಅತಿ ಹೆಚ್ಚು ಬೆಳೆಯುವ ಹೊತ್ತಿಗೂ ಸರಿಹೋಗಬೇಕು. ಮೇ ಕೊನೆಗೆ ಎಲ್ಲ ಹಸುಗಳ ಹಾಲು ಬತ್ತಿಸುತ್ತಾರೆ. ಜೂನ್, ಜುಲೈನಲ್ಲಿ ಕರೆಯುವ ಕಟ್ಟೆಗೆ ರಜೆ.

ನಮ್ಮಲ್ಲಿ ಇದನ್ನು ಊಹಿಸಿ ನೋಡಿ. ಎರಡು ತಿಂಗಳು ಊರಿನ ಡೇರಿಯಲ್ಲಿ ಒಂದು ತೊಟ್ಟು ಹಾಲಿಲ್ಲ ಅಂದ್ರೆ ಬೆಂಗಳೂರಿನಲ್ಲಿ ಕಾಫಿ ಹೇಗೆ? ನ್ಯೂಜಿಲೆಂಡ್‌ಗೆ ಆ ಚಿಂತೆ ಕಡಿಮೆ. ಅಲ್ಲಿನ ಹಾಲಿನಲ್ಲಿ ನೂರಕ್ಕೆ 95 ಪಾಲು ಪುಡಿ, ಬೆಣ್ಣೆ, ಚೀಸ್ ಆಗಿ ಹಡಗು ಹತ್ತುತ್ತದೆ. ಪುಡಿಗೆ ಯಾವ ತಿಂಗಳ ಹಾಲಾದರೇನು. ಹುಲ್ಲಿನ ಡೇರಿ ಅಂದರೆ ಬರೀ ಹೊಲದ ವಿಷಯವಲ್ಲ. ಹುಲ್ಲಿನ ಏರಿಳಿತವನ್ನು ತಾಳಿಕೊಳ್ಳುವ ಕಾರ್ಖಾನೆ, ಮಾರುಕಟ್ಟೆ ಎರಡೂ ಬೇಕು. ಈ ಒಂದು ಮಾತನ್ನು ಮರೆತು ನ್ಯೂಜಿಲೆಂಡ್ ಮಾದರಿ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪಂಚಾಂಗಕ್ಕೆ ಹೊಂದದ ಹಸುವಿಗೆ ಜಾಗವಿಲ್ಲ. ಅಕ್ಟೋಬರ್ ಕೊನೆಯಿಂದ ಬೆದೆ ನೋಡಿ ಗಬ್ಬ ಕಟ್ಟಿಸುತ್ತಾರೆ. ಮೊದಲ ಆರು ವಾರದಲ್ಲೇ ನೂರಕ್ಕೆ 78 ಹಸು ಗಬ್ಬ ನಿಲ್ಲಬೇಕು ಅನ್ನುವುದು ಆ ದೇಶದ ಡೇರಿ ರಂಗದ ಗುರಿ. ಗಡುವು ಮುಗಿದರೂ ನಿಲ್ಲದ ಹಸು ಎಷ್ಟೇ ಹಾಲು ಕೊಡಲಿ, ಬಹುಪಾಲು ಮಂದೆಯಿಂದ ಹೊರಗೆ. ತಳಿಯೂ ಹಾಗೆಯೇ. ಹೆಚ್ಚಿನವು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮತ್ತು ಜೆರ್ಸಿ ಮಿಶ್ರತಳಿ, ಐದು ಕ್ವಿಂಟಲ್ ಒಳಗಿನ ಮಧ್ಯಮ ಮೈಕಟ್ಟಿನವು. ಹೋರಿ ಆರಿಸುವಾಗ ಮಗಳು ದಿನಕ್ಕೆ ಎಷ್ಟು ಲೀಟರ್ ಅಂತ ಕೇಳುವುದಿಲ್ಲ. ಇಷ್ಟು ಟನ್ ಮೇವು ತಿಂದರೆ ಎಷ್ಟು ಲಾಭ ಅಂತ ಕೇಳುತ್ತಾರೆ. ಹಾಲಿಗೆ ದುಡ್ಡು ಕೊಡುವುದೂ ಲೀಟರ್ ಮೇಲಲ್ಲ. ಹಾಲಿನಲ್ಲಿರುವ ಕೊಬ್ಬು ಮತ್ತು ಪ್ರೋಟೀನ್ ಎರಡನ್ನೂ ಕೂಡಿಸಿ, ಕೆಜಿಗೆ ಇಷ್ಟು ಡಾಲರ್ ಎಂದು. ಅದಕ್ಕೆ ಅವರು ಘನಾಂಶ ಅನ್ನುತ್ತಾರೆ. ನಮ್ಮ ಡೇರಿಯ ಚೀಟಿಯಲ್ಲಿ ಬರುವ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನ ಪದಾರ್ಥ ಬೇರೆ, ಇದು ಬೇರೆ. ಮುಂದಿನ ಲೆಕ್ಕವೆಲ್ಲ ಈ ಘನಾಂಶದಲ್ಲೇ ಇದೆ.

ಮೂರು ಎಲೆ, ಏಳು ಕ್ಲಿಕ್

ಗಾವಲಿನಲ್ಲಿ ಮುಖ್ಯವಾಗಿ ಎರಡು ಗಿಡ. ಒಂದು ರೈ ಹುಲ್ಲು, ಇನ್ನೊಂದು ಬಿಳಿ ಕ್ಲೋವರ್. ಕ್ಲೋವರ್ ನಮ್ಮ ಅಲಸಂದೆ, ಹುರುಳಿಯ ಹಾಗೆ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುವ ಜಾತಿ, ನೆಲಕ್ಕೆ ಅಂಟಿಕೊಂಡು ಹರಡುತ್ತದೆ.

ರೈ ಹುಲ್ಲಿನ ಒಂದು ಸ್ವಭಾವದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಅದರ ಒಂದು ಕವಲಿನಲ್ಲಿ ಒಮ್ಮೆಗೆ ಮೂರೇ ಹಸಿರು ಎಲೆ ಇರುತ್ತವೆ. ನಾಲ್ಕನೆಯದು ಬರುವ ಹೊತ್ತಿಗೆ ಮೊದಲನೆಯದು ಸಾಯಲು ಶುರು. ಮೂರನೇ ಎಲೆ ಬರುವ ಮೊದಲೇ ಮೇಯಿಸಿದರೆ ಗಿಡ ಸೊರಗುತ್ತದೆ, ಇಳುವರಿಯೂ ಹೋಯಿತು. ತಡ ಮಾಡಿದರೆ ಬುಡದಲ್ಲಿ ಒಣ ಎಲೆ, ಕಾಂಡ ಜಾಸ್ತಿಯಾಗಿ ಹಸು ಮೂಸಿ ಬಿಡುತ್ತದೆ. ಮೂರು ಎಲೆಯ ಹೊತ್ತಿಗೆ ಬಿಟ್ಟು, ಸಮನಾಗಿ ಕಚ್ಚಿಸಿ, ಹೊರಗೆ ಹೊಡೆಯಬೇಕು. ಎಷ್ಟು ಕಚ್ಚಿಸಬೇಕು? ಲಿಂಕನ್‌ನಲ್ಲಿ ಅದಕ್ಕೊಂದು ಸಂಖ್ಯೆ ಇತ್ತು: ಏಳು ಕ್ಲಿಕ್. ಹಸುಗಳು ತಾಕು ಬಿಟ್ಟ ಮೇಲೆ ಉಳಿಯುವ ಕೂಳೆ ಮೂರೂವರೆ ಸೆಂಟಿಮೀಟರ್, ಒಣ ಲೆಕ್ಕದಲ್ಲಿ ಹೆಕ್ಟೇರಿಗೆ 1,480 ಕೆಜಿ. ಅದಕ್ಕಿಂತ ಎತ್ತರ ಬಿಟ್ಟರೆ ಮುಂದಿನ ಸುತ್ತಿಗೆ ಹುಲ್ಲು ಬಲಿಯುತ್ತದೆ. ಅದಕ್ಕಿಂತ ಕೆಳಗೆ ಕೆರೆಸಿದರೆ ಹಸು ಹಸಿಯುತ್ತದೆ, ಹುಲ್ಲೂ ಚಿಗುರಲು ಏದುಸಿರು ಬಿಡುತ್ತದೆ.

ಒಂದು ದಿನದ ಲೆಕ್ಕ ಹಾಕಿ ನೋಡೋಣ. ಹಸುಗಳು ಒಳಗೆ ಹೋಗುವಾಗ ಹೆಕ್ಟೇರಿಗೆ ಸುಮಾರು 3,100 ಕೆಜಿ ಹುಲ್ಲು ನಿಂತಿದೆ ಅಂದುಕೊಳ್ಳಿ. ಎಲ್ಲವೂ ಒಣ ತೂಕ, ನೀರು ಕಳೆದು. 1,480 ಬಿಟ್ಟರೆ ತಿನ್ನಲು 1,620 ಸಿಗುತ್ತದೆ. ಎಂಟು ಹೆಕ್ಟೇರ್ ತಾಕಿನಲ್ಲಿ ಹತ್ತಿರ 13 ಟನ್. ಹಸುವಿಗೆ ದಿನಕ್ಕೆ 18 ಕೆಜಿಯಂತೆ 560 ಹಸುವಿಗೆ 10 ಟನ್. ಒಂದು ತಾಕು ಒಂದೂಕಾಲು ದಿನಕ್ಕೆ ಬಂತು. ಇಪ್ಪತ್ತು ತಾಕು ಸುತ್ತಿ ಮತ್ತೆ ಮೊದಲಿನದಕ್ಕೆ ಬರಲು 25 ದಿನ. ಅಷ್ಟರಲ್ಲಿ ಅಲ್ಲಿ ಮೂರನೇ ಎಲೆ ಬಂದಿರಬೇಕು. ಅಂದರೆ ದಿನಕ್ಕೆ ಹೆಕ್ಟೇರಿಗೆ 63 ಕೆಜಿ ಬೆಳೆಯಲೇಬೇಕು. ಅದಕ್ಕಿಂತ ಜಾಸ್ತಿ ಬೆಳೆದರೆ ಒಂದೆರಡು ತಾಕು ಬಿಟ್ಟು ಕೊಯ್ದು ರಸಮೇವು ಮಾಡುತ್ತಾರೆ. ಕಡಿಮೆಯಾದರೆ ರಸಮೇವು ಬಿಚ್ಚುತ್ತಾರೆ, ಇಲ್ಲವೇ ಸುತ್ತನ್ನು ನಿಧಾನ ಮಾಡುತ್ತಾರೆ. ಮಂಗಳವಾರದ ಕೋಲು ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ವಾ?

ಇಲ್ಲಿ ಒಂದು ಕ್ಷಣ ನಮ್ಮೂರಿಗೆ ಬರುತ್ತೇನೆ. "ಹಿಂಡಿ ಇಲ್ಲದೆ ಅವರಿಗೆ ಆಗುತ್ತೆ, ನಮಗ್ಯಾಕೆ ಆಗಲ್ಲ?" ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಹುಲ್ಲಿನ ಎಲೆಯೊಳಗಿದೆ. ಎಳೆಯ ರೈ ಹುಲ್ಲಿನ ಒಂದು ಕೆಜಿ ಒಣ ಮೇವಿನಲ್ಲಿ ಹಸುವಿಗೆ ದಕ್ಕುವ ಶಕ್ತಿ ಹನ್ನೊಂದೂವರೆ ಮೆಗಾಜೌಲ್ ಆಸುಪಾಸು. ಪ್ರೋಟೀನ್ ನೂರಕ್ಕೆ 20ಕ್ಕೂ ಹೆಚ್ಚು. ನಮ್ಮ ಬಿಸಿಲಿನಲ್ಲಿ ಬೆಳೆಯುವ ನೇಪಿಯರ್ ಹುಲ್ಲು ರಾಶಿ ರಾಶಿ ಇಳುವರಿ ಕೊಡುತ್ತದೆ, ನಿಜ. ಆದರೆ ಬೇಗ ಕಾಂಡ ಕಟ್ಟಿ ನಾರಾಗುತ್ತದೆ. ಅದರಲ್ಲಿ ಶಕ್ತಿ ಎಂಟೂವರೆ, ಪ್ರೋಟೀನ್ ಎಂಟು ಒಂಬತ್ತು ಅಂದುಕೊಳ್ಳಿ. ನಾರು ಹೆಚ್ಚಿದಷ್ಟೂ ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ, ಹಾಗಾಗಿ ಹಸು ತಿನ್ನುವುದೇ ಕಡಿಮೆ. 400 ಕೆಜಿಯ ಮಿಶ್ರತಳಿ ಹಸು ದಿನಕ್ಕೆ 12 ಕೆಜಿ ಒಣ ಲೆಕ್ಕದ ನೇಪಿಯರ್ ತಿಂದರೆ ಸಿಗುವುದು ನೂರು ಮೆಗಾಜೌಲ್. ಅದರಲ್ಲಿ ಐವತ್ತು ಅದರ ಹೊಟ್ಟೆಪಾಡಿಗೇ ಹೋಯಿತು. ಉಳಿದ ಐವತ್ತಕ್ಕೆ, ಲೀಟರಿಗೆ ಐದರಂತೆ, ಹಾಳೆಯ ಮೇಲೆ ಹತ್ತು ಲೀಟರ್. ಪ್ರೋಟೀನ್ ಸಾಲದೆ ಅದೂ ಪೂರ್ತಿ ಬರುವುದಿಲ್ಲ. ಕುದುರೆ ಮೆಂತೆ, ಬೇಲಿ ಮೆಂತೆ, ಅಲಸಂದೆ, ಗ್ಲಿರಿಸಿಡಿಯಾ ಸೊಪ್ಪು ಸೇರಿಸಿದರೆ, ನೇಪಿಯರನ್ನು 45 ದಿನಕ್ಕೆ ಕೊಯ್ದರೆ, ಹತ್ತು ಲೀಟರಿನ ಹತ್ತಿರ ಹೋಗಬಹುದು. ಲಿಂಕನ್ ಹಸುವಿನ ಇಪ್ಪತ್ತಕ್ಕೆ ಹೋಗುವುದಿಲ್ಲ. ಬರೀ ಹುಲ್ಲಿನಲ್ಲೇ ಬದುಕುವ ಹಸು ನಮ್ಮಲ್ಲಿಲ್ಲ ಅಂತಲ್ಲ. ಮಲೆನಾಡು ಗಿಡ್ಡ ಬೆಟ್ಟದಲ್ಲಿ ಮೇಯ್ದುಕೊಂಡೇ ಎರಡು ಮೂರು ಲೀಟರ್ ಕೊಡುತ್ತದೆ. ಅದರ ಖರ್ಚೂ ಅಷ್ಟಕ್ಕೇ.

ಲಿಂಕನ್‌ಗೆ ವಾಪಸ್ ಹೋಗೋಣ.

ಬರೀ ಹುಲ್ಲಿನ ಮೇಲೆ ಅಲ್ಲಿನ ಹಸು ವರ್ಷಕ್ಕೆ ಸುಮಾರು 500 ಕೆಜಿ ಘನಾಂಶ ಕೊಟ್ಟಿದ್ದುಂಟು. ಘನಾಂಶ ನೂರಕ್ಕೆ ಒಂಬತ್ತರ ಲೆಕ್ಕ ಹಿಡಿದರೆ ಐದೂವರೆ ಸಾವಿರ ಲೀಟರ್, ಒಂಬತ್ತು ತಿಂಗಳಿಗೆ ಹಂಚಿದರೆ ದಿನಕ್ಕೆ ಸರಾಸರಿ 20 ಲೀಟರ್. ಹಿಂಡಿ ತಿಂದು ಕೊಟ್ಟಿಗೆಯಲ್ಲಿರುವ ಅಮೆರಿಕದ ಹಸು ಇದರ ಎರಡರಷ್ಟು ಕರೆಯುತ್ತದೆ. ಅದಕ್ಕೆ ಲಿಂಕನ್‌ನವರಿಗೆ ಹೊಟ್ಟೆಕಿಚ್ಚಿರಲಿಲ್ಲ. ಅವರು ನೋಡುತ್ತಿದ್ದದ್ದು ಹಸುವಿನ ಹಾಲಲ್ಲ, ಹೆಕ್ಟೇರಿನ ಹಾಲು.

ಹುಲ್ಲು ಅಂದ ಮಾತ್ರಕ್ಕೆ ಆರೋಗ್ಯ ತಾನಾಗಿ ಬರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಕ್ಲೋವರ್ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ. ವಸಂತದ ಎಳೆ ಹುಲ್ಲಿನಲ್ಲಿ ಮೆಗ್ನೀಸಿಯಂ ಕಡಿಮೆ, ಕರು ಹಾಕಿದ ಹಸು ನಡುಗಿ ಬಿದ್ದು ಸತ್ತೇ ಹೋಗಬಹುದು. ಅದಕ್ಕೆ ಅಲ್ಲಿನ ರೈತರು ಆ ದಿನಗಳಲ್ಲಿ ಮೇಯುವ ಹುಲ್ಲಿನ ಮೇಲೆ ಮೆಗ್ನೀಸಿಯಂ ಪುಡಿ ಉದುರಿಸುತ್ತಾರೆ, ಕುಡಿಯುವ ನೀರಿಗೂ ಬೆರೆಸುತ್ತಾರೆ. ಹುಲ್ಲಿನ ಹಾಲಿನ ಬೆಣ್ಣೆ ಮಾತ್ರ ಹಳದಿ ಬಂಗಾರ. ಎಲೆಯ ಕ್ಯಾರೋಟಿನ್ ನೇರವಾಗಿ ಕೊಬ್ಬಿಗೆ ಇಳಿದಿರುತ್ತದೆ.

ಗಂಜಲದ ಗುರುತು

ಈಗ ಯೂರಿಯಾ ಚೀಲದ ವಿಷಯಕ್ಕೆ ಬರೋಣ. ಮೊದಲ ಹನ್ನೆರಡು ವರ್ಷ ಲಿಂಕನ್‌ನ ದಾರಿ ಸರಳವಾಗಿತ್ತು. ಹುಲ್ಲು ಹೆಚ್ಚಿಸು, ಹಸು ಹೆಚ್ಚಿಸು. ಹೆಕ್ಟೇರಿಗೆ ನಾಲ್ಕು ಹಸು, ಕೆಲವು ವರ್ಷ ಅದಕ್ಕೂ ಜಾಸ್ತಿ. 2012–13ರ ಸಾಲಿನಲ್ಲಿ ಸುಮಾರು 630 ಹಸುಗಳಿಂದ 3 ಲಕ್ಷ ಕೆಜಿ ಘನಾಂಶ ಬಂತು. ಆ ಹುಲ್ಲಿಗೆ ಹೆಕ್ಟೇರಿಗೆ 350 ಕೆಜಿಯಷ್ಟು ಸಾರಜನಕ ಹಾಕಿದ್ದರು. ಯೂರಿಯಾ ಲೆಕ್ಕದಲ್ಲಿ ಹೇಳಿದರೆ ಏಳೂವರೆ ಕ್ವಿಂಟಲ್! ಐವತ್ತು ಕೆಜಿಯ ಹದಿನೈದು ಚೀಲ, ಒಂದೊಂದು ಹೆಕ್ಟೇರಿಗೆ. ಹಿಂಡಿಯ ಚೀಲ ಹಸುವಿನ ಬಾಯಿಗೆ ಹೋಗಲಿಲ್ಲ, ಸರಿ. ಯೂರಿಯಾದ ಚೀಲ ಹುಲ್ಲಿನ ಬಾಯಿಗೆ ಹೋಯಿತು.

ತೊಂದರೆ ಎಲ್ಲಿ? ಯೂರಿಯಾ ಹೊಲದಿಂದ ನೇರವಾಗಿ ಸೋರುವುದಕ್ಕಿಂತ ಹಸುವಿನ ಹೊಟ್ಟೆಯ ದಾರಿಯಲ್ಲಿ ಜಾಸ್ತಿ ಸೋರುತ್ತದೆ. ಹುಲ್ಲಿನಲ್ಲಿ ಹಸುವಿಗೆ ಬೇಕಾದ್ದಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಮಿಕ್ಕಿದ್ದು ಗಂಜಲದಲ್ಲಿ ಹೊರಗೆ ಬರುತ್ತದೆ. ಒಂದು ಹಸು ಒಂದು ಕಡೆ ನಿಂತು ಎರಡು ಲೀಟರ್ ಗಂಜಲ ಹಾಕಿತು ಅಂದ್ರೆ ಆ ಮೊರದಗಲ ಜಾಗಕ್ಕೆ ಬಿದ್ದ ಸಾರಜನಕವನ್ನು ಹೆಕ್ಟೇರಿಗೆ ಗುಣಿಸಿ ನೋಡಿದರೆ 1,000 ಕೆಜಿಯವರೆಗೂ ಹೋಗುತ್ತದೆ. ಯಾವ ಹುಲ್ಲೂ ಅಷ್ಟನ್ನು ಕುಡಿಯಲಾರದು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಚಳಿಗಾಲದ ಮಳೆಗೆ ಅದು ಕಲ್ಲುಮಣ್ಣಿನ ಸಂದಿಯಿಂದ ಇಳಿದು ಅಂತರ್ಜಲ ಸೇರುತ್ತದೆ.

ಇದು ಲಿಂಕನ್‌ನವರಿಗೆ ಗೊತ್ತಿರಲಿಲ್ಲ ಅಂತಲ್ಲ. ಇದಕ್ಕೊಂದು ಮದ್ದು ಕಂಡುಹಿಡಿಯುವ ಕೆಲಸದಲ್ಲಿ ಇದೇ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳೇ ಮುಂದಿದ್ದರು. ಡಿಸಿಡಿ ಎಂಬ ರಾಸಾಯನಿಕ. ಚಳಿಗಾಲಕ್ಕೆ ಮುಂಚೆ ಗಾವಲಿಗೆ ಸಿಂಪಡಿಸಿದರೆ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ಮಂದವಾಗುತ್ತವೆ, ಸೋರಿಕೆ ತಗ್ಗುತ್ತದೆ. ಲಿಂಕನ್ ಅದನ್ನು ಬಳಸುತ್ತಿತ್ತು. ಹಸು ಹೆಚ್ಚು, ಯೂರಿಯಾ ಹೆಚ್ಚು, ಆದರೂ ಸೋರಿಕೆ ಹಿಡಿತದಲ್ಲಿ. ಎಲ್ಲ ಸರಿಯಾಗಿತ್ತು.

2012ರ ಕೊನೆಯ ತಿಂಗಳುಗಳಲ್ಲಿ ನ್ಯೂಜಿಲೆಂಡಿನ ಹಾಲಿನ ಪುಡಿಯಲ್ಲಿ ಡಿಸಿಡಿಯ ಅತಿ ಸಣ್ಣ ಅಂಶ ಸಿಕ್ಕಿತು. ಆ ಮಟ್ಟದಲ್ಲಿ ಆರೋಗ್ಯಕ್ಕೆ ಅಪಾಯವಿಲ್ಲ ಎಂದು ಸರ್ಕಾರ ಹೇಳಿತು. ಆದರೆ ಹಾಲಿನಲ್ಲಿ ಇದು ಎಷ್ಟಿರಬಹುದು ಅನ್ನುವುದಕ್ಕೆ ಅಂತಾರಾಷ್ಟ್ರೀಯ ಮಿತಿಯೇ ಇರಲಿಲ್ಲ. ಮಿತಿ ಇಲ್ಲ ಅಂದರೆ ಇರಲೇಬಾರದು ಎಂದು ಕೊಳ್ಳುವವನು ಹೇಳಬಹುದು. ಹುಲ್ಲಿನ ಹಾಲು, ಶುದ್ಧ ಹಾಲು ಅಂತಲೇ ಮಾರುವ ದೇಶ ಅದು. 2013ರ ಜನವರಿಯಲ್ಲಿ ವಿಷಯ ಹೊರಬಂತು, ಡಿಸಿಡಿ ಮಾರುಕಟ್ಟೆಯಿಂದ ಹೊರಟಿತು. ಲಿಂಕನ್‌ನ ಕೈಯಿಂದ ಮದ್ದು ಹೋಯಿತು, ರೋಗ ಹಾಗೇ ಉಳಿಯಿತು.

ಎಪ್ಪತ್ತು ಹಸು ಕಡಿಮೆ

ಆಗ ಅವರ ಮುಂದೆ ಎರಡು ದಾರಿ. ಹೀಗೇ ಮುಂದುವರಿದು ಸೋರಿಕೆ ಏರಲು ಬಿಡುವುದು. ಇಲ್ಲವೇ ಸೋರಿಕೆಯನ್ನು ಹಳೆಯ ಮಟ್ಟದಲ್ಲೇ ಹಿಡಿದು, ಅದಕ್ಕೆ ತಕ್ಕಂತೆ ಫಾರ್ಮ್ ಬದಲಿಸುವುದು. ಎರಡನೆಯದನ್ನು ಆರಿಸಿಕೊಂಡರು. 2013–14ರ ಸಾಲಿನಲ್ಲಿ ಯೂರಿಯಾ ಕಡಿತ ಮಾಡಿದರು, ಹಾಲು 2.76 ಲಕ್ಷ ಕೆಜಿ ಘನಾಂಶಕ್ಕೆ ಇಳಿಯಿತು. ಕೆಟ್ಟ ಗಳಿಗೆ. ಅದೇ ವರ್ಷ ಆ ದೇಶದ ದೊಡ್ಡ ಸಹಕಾರಿ ಫಾಂಟೆರಾ ಘನಾಂಶದ ಕೆಜಿಗೆ 8.40 ನ್ಯೂಜಿಲೆಂಡ್ ಡಾಲರ್ ಕೊಟ್ಟಿತು. ಅಲ್ಲಿಯವರೆಗಿನ ದಾಖಲೆ ಬೆಲೆ. ಪಕ್ಕದವರೆಲ್ಲ ಕೈತುಂಬಾ ಎಣಿಸುವಾಗ ಇವರು ಬೇಕೆಂದೇ ಹಾಲು ಬಿಟ್ಟುಕೊಟ್ಟರು. ತೋರಿಸಲೆಂದೇ ಇರುವ ಫಾರ್ಮ್ ಅಲ್ಲದಿದ್ದರೆ ಈ ಧೈರ್ಯ ಬರುತ್ತಿತ್ತಾ? ನನಗೆ ಅನುಮಾನ.

ಮುಂದಿನ ಸಾಲಿಗೆ ಅರೆಮನಸ್ಸಿನ ಕಡಿತ ಬೇಡ, ವ್ಯವಸ್ಥೆಯನ್ನೇ ಬದಲಿಸೋಣ ಅಂದರು. ಪಕ್ಕದಲ್ಲೇ ವಿಶ್ವವಿದ್ಯಾಲಯದ ಸಂಶೋಧನಾ ಫಾರ್ಮ್‌ನಲ್ಲಿ ಎರಡು ಮಂದೆಗಳ ಹೋಲಿಕೆ ನಡೆದಿತ್ತು. ಒಂದರಲ್ಲಿ ಹೆಕ್ಟೇರಿಗೆ 5 ಹಸು, 400 ಕೆಜಿವರೆಗೆ ಸಾರಜನಕ. ಇನ್ನೊಂದರಲ್ಲಿ ಮೂರೂವರೆ ಹಸು, 150 ಕೆಜಿ. ಎರಡನೆಯ ಕಡೆ ನೈಟ್ರೇಟ್ ಸೋರಿಕೆ ತುಂಬಾ ಕಡಿಮೆ, ಲಾಭದಲ್ಲಿ ಹಿಂದೆ ಬಿದ್ದಿರಲಿಲ್ಲ. 2014–15ರಲ್ಲಿ ಲಿಂಕನ್ ಅದನ್ನೇ 160 ಹೆಕ್ಟೇರ್‌ಗೂ ಇಳಿಸಿತು. ಹಸು 630ರಿಂದ 560ಕ್ಕೆ. ಸಾರಜನಕ ಹೆಕ್ಟೇರಿಗೆ 150 ಕೆಜಿಗೂ ಕೆಳಗೆ.

ಏನಾಯಿತು? ಹಾಲು ಸುಮಾರು 2.8 ಲಕ್ಷ ಕೆಜಿ ಘನಾಂಶ. 2012–13ಕ್ಕಿಂತ ನೂರಕ್ಕೆ ಏಳು ಕಡಿಮೆ. ಹಸು ಕಡಿತ ನೂರಕ್ಕೆ 11, ಯೂರಿಯಾ ಅರ್ಧಕ್ಕಿಂತ ಕಡಿಮೆ. ಒಂದೊಂದು ಹಸು 476 ಕೆಜಿಯಿಂದ 500ರ ಹತ್ತಿರ ಬಂತು. ಅದರ ಮುಂದಿನ ವರ್ಷ, 2015–16ರಲ್ಲಿ, 520 ದಾಟಿತು.

ಇದರಲ್ಲಿ ಮಾಯವೇನಿಲ್ಲ. ಹಸು ಹಾಲು ಕೊಡಲಿ ಬಿಡಲಿ, ಮೊದಲು ತನ್ನ ಹೊಟ್ಟೆಪಾಡಿಗೆ ತಿನ್ನಬೇಕು. ಉಸಿರಾಡಬೇಕು, ಮೈ ಬೆಚ್ಚಗಿಡಬೇಕು, ದಿನಕ್ಕೆರಡು ಸಲ ಕಟ್ಟೆಗೆ ನಡೆಯಬೇಕು. ತಿಂದದ್ದರಲ್ಲಿ ಮೂರನೇ ಒಂದರಷ್ಟಾದರೂ ಅದಕ್ಕೇ ಖರ್ಚು. ಎಪ್ಪತ್ತು ಹಸು ಕಡಿಮೆ ಅಂದರೆ ಎಪ್ಪತ್ತು ಹೊಟ್ಟೆಪಾಡು ಕಡಿಮೆ. ಆ ಹುಲ್ಲು ಉಳಿದ ಹಸುಗಳ ಕೆಚ್ಚಲಿಗೆ ಹೋಯಿತು. ಇನ್ನೊಂದು, ಯೂರಿಯಾ ಜಾಸ್ತಿಯಾದಲ್ಲಿ ರೈ ಹುಲ್ಲು ಎತ್ತರ ಬೆಳೆದು ಕ್ಲೋವರ್‌ಗೆ ನೆರಳು ಹಾಕಿ ಅದುಮುತ್ತದೆ. ಯೂರಿಯಾ ತಗ್ಗಿಸಿದರೆ ಕ್ಲೋವರ್‌ಗೆ ಬಿಸಿಲು ಸಿಗುತ್ತದೆ, ಅದರ ಬೇರಿನ ಗಂಟುಗಳು ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಚೀಲದಲ್ಲಿ ತರುತ್ತಿದ್ದ ಸಾರಜನಕದಲ್ಲಿ ಒಂದು ಪಾಲು ಗಾಳಿಯಿಂದ ಬಿಟ್ಟಿ. ಕೆಲಸ ಮಾತ್ರ ಹಗುರವಾಗಲಿಲ್ಲ. ಹಸು ಕಡಿಮೆ ಇದ್ದಾಗ ವಸಂತದಲ್ಲಿ ಹುಲ್ಲು ಕೈಮೀರುತ್ತದೆ. ಏಳು ಕ್ಲಿಕ್‌ಗೆ ಕಚ್ಚಿಸಲು ಹೊಟ್ಟೆಗಳೇ ಸಾಲವು. ಅಂಥ ತಾಕನ್ನು ಹಸು ನುಗ್ಗುವ ಮೊದಲು ಯಂತ್ರದಲ್ಲಿ ಕತ್ತರಿಸಿ ಹಾಕುವುದು, ಸರಿಯಾದ ದಿನ ರಸಮೇವಿಗೆ ತೆಗೆಯುವುದು, ಇಲ್ಲೆಲ್ಲ ತಪ್ಪಿದರೆ ಮುಂದಿನ ಸುತ್ತು ಕೆಟ್ಟಂತೆಯೇ. ಮಂಗಳವಾರದ ಕೋಲಿಗೆ ಬೆಲೆ ಇನ್ನೂ ಏರಿತು.

ಬೆಲೆ ಅಂದಾಗ ನೆನಪಾಯಿತು. ಹೊಸ ಪದ್ಧತಿ ಶುರುವಾದ ಅದೇ ವರ್ಷ ಜಗತ್ತಿನ ಹಾಲಿನ ಪುಡಿಯ ಬೆಲೆ ಕುಸಿಯಿತು. 8.40 ಇದ್ದದ್ದು 4.40ಕ್ಕೆ ಬಂತು. ಮರುವರ್ಷ 3.90. ಅರ್ಧಕ್ಕಿಂತ ಕೆಳಗೆ! ಆ ಹೊತ್ತಿಗೆ ನ್ಯೂಜಿಲೆಂಡ್‌ನ ಎಷ್ಟೋ ಫಾರ್ಮ್‌ಗಳು ಹುಲ್ಲಿನ ಜೊತೆ ಇಂಡೋನೇಷ್ಯಾ, ಮಲೇಷ್ಯಾದಿಂದ ಬರುವ ತಾಳೆಬೀಜದ ಹಿಂಡಿ ತಿನ್ನಿಸುವ ಅಭ್ಯಾಸಕ್ಕೆ ಬಿದ್ದಿದ್ದವು. 'ಹುಲ್ಲಿನ ದೇಶ' ವರ್ಷಕ್ಕೆ ಲಕ್ಷಗಟ್ಟಲೆ ಟನ್ ಹಿಂಡಿ ತರಿಸುತ್ತಿತ್ತು. ಹಸುವಿಗೆ ದಿನಕ್ಕೆ 3 ಕೆಜಿಗಿಂತ ಹೆಚ್ಚು ಬೇಡ ಎಂದು 2015ರಲ್ಲಿ ಫಾಂಟೆರಾವೇ ಹೇಳಬೇಕಾಯಿತು. ಹಾಲಿನ ಬೆಲೆ ಬಿದ್ದಾಗ ಮೊದಲು ಕುತ್ತಿಗೆಗೆ ಬರುವುದು ಕೊಂಡ ಮೇವು. ಲಿಂಕನ್‌ಗೆ ಆ ಬಿಲ್ ಸಣ್ಣದಿತ್ತು, ಯೂರಿಯಾ ಬಿಲ್ ಕೂಡ ಕರಗಿತ್ತು. ನಷ್ಟದ ವರ್ಷಗಳೇ ಅವು ಎಲ್ಲರಿಗೂ, ಆದರೆ ಹಗ್ಗ ಬಿಗಿದದ್ದು ಒಂದೇ ಸಮ ಅಲ್ಲ.

160 ಹೆಕ್ಟೇರ್‌ನ ಹೊರಗೆ

ಈ ಫಾರ್ಮನ್ನು ಹೊಗಳುವವರು ಬಿಡುವ ಒಂದು ಸಾಲಿದೆ. ಹೆಕ್ಟೇರಿಗೆ ಇಷ್ಟು ಹಾಲು ಅನ್ನುವಾಗ ಭಾಗಿಸುವುದು 160ರಿಂದ. ಆದರೆ ಜೂನ್, ಜುಲೈನಲ್ಲಿ ಹಾಲು ಬತ್ತಿದ ಹಸುಗಳು ಆ 160 ಹೆಕ್ಟೇರ್‌ನಲ್ಲಿ ಇರುವುದಿಲ್ಲ. ಬೇರೆ ಜಮೀನಿಗೆ ಹೋಗುತ್ತವೆ. ಅಲ್ಲಿ ಕೋಸಿನ ಬಳಗದ ಕೇಲ್ ಸೊಪ್ಪು, ಮೇವಿನ ಬೀಟ್ ಗೆಡ್ಡೆ, ಓಟ್ಸ್ ಹಸಿರು ಮೇವು. ದಿನಕ್ಕೊಂದು ಪಟ್ಟಿ ಬಿಟ್ಟು ಮೇಯಿಸುತ್ತಾರೆ. ಕರುಗಳು, ಕಡಸುಗಳು ಬೆಳೆಯುವುದೂ ಹೊರಗಿನ ಜಮೀನಿನಲ್ಲೇ. ಆ ಚಳಿಗಾಲದ ಹೊಲಗಳಲ್ಲಿ ಬೆಳೆ ಮುಗಿದ ಬರಿ ನೆಲ, ಸಾಲು ಸಾಲು ಹಸುಗಳ ಗಂಜಲ, ಮೇಲೆ ಮಳೆ. ಹೀರಲು ಒಂದು ಹುಲ್ಲುಕಡ್ಡಿ ಇಲ್ಲ. ನೈಟ್ರೇಟ್ ಸೋರಲು ಅದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? ದಕ್ಷಿಣ ದ್ವೀಪದಲ್ಲಿ ಕೆಸರಿನಲ್ಲಿ ಮಂಡಿಯವರೆಗೆ ಹೂತು ನಿಂತ ಹಸುಗಳ ಚಿತ್ರಗಳು ದೊಡ್ಡ ಗಲಾಟೆಯನ್ನೇ ಎಬ್ಬಿಸಿವೆ. ಡೇರಿಯ ಲೆಕ್ಕ ಸರಿ ಹೋಗಲು ಪಕ್ಕದ ಜಮೀನಿನ ಲೆಕ್ಕ ಬೇರೆ ಪುಸ್ತಕದಲ್ಲಿ ಬರೆದಂತಾಯಿತು.

ಇನ್ನೊಂದು ಹೇಳಲು ಇಷ್ಟವಿಲ್ಲದ ವಿಷಯ. ಹತ್ತು ವಾರದಲ್ಲಿ ಇಡೀ ದೇಶದ ಹಸುಗಳು ಕರು ಹಾಕಿದರೆ ಗಂಡುಕರುಗಳು ಲಕ್ಷಗಟ್ಟಲೆ. ಮಂದೆಗೆ ಬೇಡದ ಕರುಗಳು ಬಹಳಷ್ಟು ಹುಟ್ಟಿದ ವಾರದೊಳಗೇ ಕಸಾಯಿಖಾನೆಗೆ ಹೋಗುತ್ತವೆ. ನಾಲ್ಕು ದಿನವಾದರೂ ತುಂಬಿರಬೇಕು ಅನ್ನುವುದು ನಿಯಮ. ಹುಲ್ಲಿನ ಪಂಚಾಂಗಕ್ಕೂ ಇದಕ್ಕೂ ನೇರ ನಂಟಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಗಾವಲಿನಲ್ಲೂ ಹೊಸ ಗಿಡ ಬಂದಿದೆ. ಪ್ಲಾಂಟೇನ್. ಅಲ್ಲಿ ಈ ಹೆಸರು ಬಾಳೆಗಲ್ಲ. ನಮ್ಮ ಅಂಗಡಿಯಲ್ಲಿ ಸಿಗುವ ಇಸಬ್ಗೋಲಿನ ದಾಯಾದಿ, ಉದ್ದ ಎಲೆಯ ಸಣ್ಣ ಗಿಡ. ಅದನ್ನು ಮೇಯ್ದ ಹಸು ಹೆಚ್ಚು ಸಲ, ಹೆಚ್ಚು ತೆಳುವಾಗಿ ಗಂಜಲ ಹಾಕುತ್ತದೆ. ಒಂದೇ ಕಡೆ ಬೀಳುವ ಸಾರಜನಕ ಹಂಚಿಹೋಗುತ್ತದೆ. ಲಿಂಕನ್ ಸುತ್ತಮುತ್ತ ಇದರ ಮೇಲೆ ಬಹಳ ಕೆಲಸ ನಡೆದಿದೆ. ಡಿಸಿಡಿ ಸಿಂಪಡಿಸಿ ಮಾಡಿಸಬೇಕೆಂದಿದ್ದನ್ನು ಒಂದು ಸೊಪ್ಪಿನಿಂದ ಮಾಡಿಸುವ ಪ್ರಯತ್ನ.

ಲಿಂಕನ್‌ನ ನೀರು ಇಳಿಯುವುದು ಟೆ ವೈಹೋರಾ ಸರೋವರದ ಕಡೆಗೆ. ಎಲ್ಸ್‌ಮಿಯರ್ ಎಂದೂ ಹೆಸರಿರುವ ಆ ಸರೋವರ ಸಮುದ್ರದ ಪಕ್ಕದಲ್ಲಿ ಅಗಲವಾಗಿ, ಆಳವಿಲ್ಲದೆ ಹರಡಿದೆ. ಅಂತರ್ಜಲ ನಿಧಾನದ ಪ್ರಾಣಿ. ಮೇಲೆ ಸೋರಿದ್ದು ಕೆಳಗಿನ ತೊರೆಯಲ್ಲಿ ಕಾಣಿಸಲು ಎಷ್ಟೋ ವರ್ಷ ಬೇಕು. ಆ ಪ್ರದೇಶದ ಡೇರಿಗಳು ಒಳ್ಳೆಯ ಪದ್ಧತಿಯಲ್ಲಿ ನಡೆಸಿದಾಗ ಆಗುವ ಸೋರಿಕೆಯನ್ನೂ 2022ರ ಹೊತ್ತಿಗೆ ನೂರಕ್ಕೆ 30ರಷ್ಟು ತಗ್ಗಿಸಬೇಕೆಂದು ಸ್ಥಳೀಯ ಆಡಳಿತ ಹೇಳಿತು. ಆಮೇಲೆ 2021ರ ಜುಲೈ 1ರಿಂದ ಇಡೀ ದೇಶಕ್ಕೆ ಒಂದೇ ಮಿತಿ ಬಂತು. ಮೇಯಿಸುವ ಭೂಮಿಗೆ ರಾಸಾಯನಿಕ ಸಾರಜನಕ ವರ್ಷಕ್ಕೆ ಹೆಕ್ಟೇರಿಗೆ 190 ಕೆಜಿ, ವಿಶೇಷ ಅನುಮತಿ ಇಲ್ಲದೆ ಅದಕ್ಕಿಂತ ಮೇಲೆ ಹಾಕುವಂತಿಲ್ಲ ಎಂದು. ಎಷ್ಟೋ ಫಾರ್ಮ್‌ಗಳು ಅದರೊಳಗೆ ಹುಲ್ಲು ಬೆಳೆಯುವುದು ಹೇಗೆಂದು ಆಗ ತಲೆ ಕೆಡಿಸಿಕೊಂಡವು. ಲಿಂಕನ್ ಹಸು, ಯೂರಿಯಾ ಎರಡನ್ನೂ ತಗ್ಗಿಸಿ ಆ ಗೆರೆಯಿಂದ ಕೆಳಗೆ ಇಳಿದು ಆಗಲೇ ಆರು ವರ್ಷ ದಾಟಿತ್ತು.